ಗಾರೆಯಿಲ್ಲದ ಗೋಡೆ

ಒಳಗಿನ ಗೋಡೆಗಳ ಜಂಬಿಟ್ಟಿಗೆ ಕಲ್ಲಿನ ಮೇಲೆ ಕೊಡಲಿಯೇಟಿನ ಗೆರೆಗಳು ಬಲಕ್ಕೆ ವಾಲಿದ್ದವು. ಜಗಲಿಯ ಗೋಡೆಯಲ್ಲಿ ಮಾತ್ರ ಎಡಕ್ಕೆ. ಕುಪ್ಪಗಡ್ಡೆಯಿಂದ ಆಚೆ, ಕಲ್ಲು ತೆಗೆಯುವುದು ನಿಂತು ಎಷ್ಟೋ ವರ್ಷಗಳಾದ ಕ್ವಾರಿಯ ಅಂಚಿನಲ್ಲಿ ನಾನು ಉಳಿದುಕೊಂಡಿದ್ದ ಗೆಳತಿ ಶೋಭಾಳ ಮನೆ. ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಎಲ್ಲ ಗೋಡೆಗೂ ಗಾರೆಯಾಗಬೇಕೆಂದು ಅವಳ ಅಮ್ಮನ ಹಟ.

"ಹತ್ತು ವರ್ಷದಿಂದ ನಾಳೆ ನಾಳೆ ಅಂತಾರೆ ಇವ್ರು. ಮೈಗಳ್ಳತನ, ಮತ್ತೇನಲ್ಲ," ಎಂದರು ಅಮ್ಮ. "ಬಂದೋರು ಕ್ವಾರಿ ಶೆಡ್ಡು ಅಂದ್ಕೊಂಡು ವಾಪಸ್ ಹೋಗ್ಲಿ ಬಿಡಿ."

ಜಗಲಿಯ ಗೆರೆಗಳೇಕೆ ಬೇರೆ ಕಡೆಗೆ ವಾಲಿವೆ ಎಂದು ನಾನು ಶೋಭಾಳ ಅಪ್ಪನನ್ನು ಕೇಳಿದೆ.

"ಒಳಗಿನವು ನಾನು ಕೆತ್ತಿದ್ದು ಕಣಮ್ಮ. ಇವು ಇವಳದ್ದು. ಎಡಚಿ ಅಲ್ವಾ. ಶೋಭಾ ಹೊಟ್ಟೇಲಿದ್ದಾಗ್ಲೂ ಬಿಸ್ಲಲ್ಲಿ ಕೂತು ಕೆತ್ತಿದ್ಲು," ಎಂದವರು ದನಿ ತಗ್ಗಿಸಿದರು. "ಮುಚ್ಚೋಕೆ ನಂಗೆ ಮನಸ್ಸು ಬರ್ಲಿಲ್ಲ."

ಅಮ್ಮ ಅಕ್ಕಿಯ ಮೊರವನ್ನು ಕೆಳಗಿಟ್ಟರು.

"ಇಷ್ಟು ವರ್ಷ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ರೀ?" ಎಂದರು. "ಗಾರೆಯೋರಿಗೆ ಒಳಗಷ್ಟೇ ಮಾಡೋಕೆ ಹೇಳಿ."

"ಮತ್ತೆ ಭಾನುವಾರ ಬರೋರು?" ಎಂದರು ಅಪ್ಪ.

"ಕೇಳಿದ್ರೆ ನಾನೇ ಕೆತ್ತಿದ್ದು ಅಂತೀನಿ. ಅವ್ರೇನು ನನ್ನ ನೋಡೋಕೆ ಬರ್ತಾರಾ?"

ಮರುದಿನ ಬೆಳಿಗ್ಗೆ ಗಾರೆಯವರು ಬರುವ ಮೊದಲು, ಶೋಭಾಳೊಂದಿಗೆ ಅಡುಗೆಮನೆಯ ಪಾತ್ರೆ, ಡಬ್ಬಗಳನ್ನೆಲ್ಲ ಹೊತ್ತು ತಂದು ಜಗಲಿಯಲ್ಲಿ ಜೋಡಿಸಿಟ್ಟೆ.