ಸಮೀಕ್ಷೆಗೆ ಹೋಗಿ ಬೀಗರಾದೆವು

೨೦೦೪ರ ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಎಂಟಕ್ಕೆ ಸಿರಸಂಗಿಯಲ್ಲಿ ಬಸ್ಸಿನಿಂದ ಇಳಿದೆವು. ಇದ್ದವರು ಇಬ್ಬರೇ: ಸೈನ್ಯದಿಂದ ನಿವೃತ್ತನಾದ ನಾನು ಮತ್ತು ಅಣ್ಣನ ಮಗಳು ಶೈಲಾ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೆ ತಾವು ಕಲಿತ ಕೆಲಸವೇ ಅಲ್ಲಿ ಸಿಕ್ಕಿತೇ ಎಂಬುದು ಅವಳ ಸಂಶೋಧನೆಯ ವಿಷಯ. ಅವಳದು ಪುಸ್ತಕದ ಭಾಷೆ. ಹಾಗಾಗಿ ಪ್ರಶ್ನೆ ಕೇಳುವ ಕೆಲಸವನ್ನು ನಾನೇ ವಹಿಸಿಕೊಂಡೆ.

ದುಬೈನಿಂದ ಮರಳಿದ್ದ ಮಹಾಂತೇಶನ ಮನೆ ಹುಡುಕುತ್ತಾ ಓಣಿಯವರನ್ನು ವಿಚಾರಿಸಿದೆ. ಹುಡುಗ ಏನು ಕಲಿತಿದ್ದಾನೆ, ಅಲ್ಲಿ ಯಾವ ಕೆಲಸ, ಪಗಾರ ಹೇಗೆ, ಮತ್ತೆ ಹೋಗುವವನೋ ಎಂದು. ಎಲ್ಲರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ಒಬ್ಬ ಮುದುಕಿ ಶೈಲಾಳ ಗಲ್ಲ ಹಿಡಿದು ನೋಡಿದಾಗಲೂ ನನಗೇನೂ ಹೊಳೆಯಲಿಲ್ಲ.

ನಮಗಿಂತ ಮೊದಲು ಸುದ್ದಿ ಆ ಮನೆ ಮುಟ್ಟಿತ್ತು. ಜಮಖಾನೆ ಹಾಸಿತ್ತು. ಹುಡುಗನ ಸೋದರಮಾವ ರುಮಾಲು ಸುತ್ತಿ ಕುಳಿತಿದ್ದರು, ಪಕ್ಕದಲ್ಲಿ ಮಹಾಂತೇಶ. ತಟ್ಟೆಯಲ್ಲಿ ಸಿಹಿ ಶಿರಾ ಬಂತು. ಮಗ ದುಬೈಯಲ್ಲಿ ದೊಡ್ಡ ವೆಲ್ಡರ್, ಕೈಕೆಳಗೆ ಆಳುಗಳಿದ್ದರು ಎಂದು ತಾಯಿ ಹೇಳಿದರು. ಶೈಲಾ ಬರೆದುಕೊಂಡಳು.

"ಈಗಿನ ಕಾಲದಾಗ ಹುಡುಗೀನ ಬಂದು ವರ ನೋಡೂದು ಚಲೋ ಆತ್ರಿ," ಎಂದರು ಸೋದರಮಾವ.

ಶೈಲಾಳ ಪೆನ್ನು ನಿಂತಿತು. ನಾನು ಬಾಯಲ್ಲಿದ್ದ ಶಿರಾ ನುಂಗುವಷ್ಟರಲ್ಲಿ ಮಹಾಂತೇಶ ಎದ್ದು ನಿಂತಿದ್ದ.

"ಅವ್ವಾ, ಸುಮ್ನಿರು. ಸುಳ್ಳ ಹೇಳಿ ಹೆಣ್ಣ ತರೂದು ಬ್ಯಾಡ. ಕಾಕಾರ, ನಾ ವೆಲ್ಡಿಂಗ್ ಕಲತಾಂವ ಖರೇ. ಅದ ಕೆಲಸ ಕೊಡಸ್ತೇನಂತ ಹೇಳಿ ಏಜೆಂಟ ಕಳಿಸಿದ. ಅಲ್ಲಿ ಎರಡ ವರ್ಷ ಸಿಮೆಂಟ್ ಚೀಲ ಹೊತ್ತೇನಿ."

ನಾನು ಎದ್ದು ನಾವು ಬಂದ ಕಾರಣ ತಿಳಿಸಿ ಕ್ಷಮೆ ಕೇಳಿದೆ. ಅವನು ಒಂದು ಕ್ಷಣ ಬೆಪ್ಪಾದ, ಆಮೇಲೆ ನಕ್ಕುಬಿಟ್ಟ.

"ಹಂಗಾರ ಬರಕೋರಿ ಅಕ್ಕಾರ. ಇದ ಏಜೆಂಟನ ಕಡಿಂದ ಹೋಗಾವ್ರು ಇನ್ನೂ ಅದಾರ."

'ಅಕ್ಕಾರ' ಎಂದಲ್ಲಿಗೆ ವರನ ವಿಚಾರಣೆ ಮುಗಿಯಿತು. ಆದರೆ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಊರೆಲ್ಲ ತಿಳಿದ ಮೇಲೆ ಇನ್ನು ಇವನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದರು.

"ಕಲತ ಕೆಲಸ ಕೈಯಾಗ ಇತ್ತಂದ್ರ ಕೊಡ್ತಾರ್ರಿ. ನಡಿ ತಮ್ಮಾ, ಚಪ್ಪಲಿ ಹಾಕ್ಕೋ," ಎಂದೆ.

ಯರಗಟ್ಟಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ನನ್ನ ಪರಿಚಯದವರೊಬ್ಬರು ವೆಲ್ಡರ್ ಸಿಗದೆ ಪೇಚಾಡುತ್ತಿದ್ದರು. ಮೂವರೂ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಹೆಣ್ಣಿನ ಕಡೆಯವರೆಂದು ನಂಬಿಯೂ ಎದ್ದು ನಿಂತು ನಿಜ ಹೇಳಿದ ಆ ಹುಡುಗನನ್ನು ನೆನೆದರೆ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಯರಗಟ್ಟಿ ಮುಟ್ಟಿ ಟ್ರಾಲಿ ಮಾಲೀಕರಿಗೂ ಅದನ್ನೇ ಹೇಳಿದೆ. ಅವರು ನಕ್ಕು, ಮೊದಲು ಕೈ ನೋಡೋಣ ಎಂದು ಒಂದು ಟ್ರಾಲಿ ತೋರಿಸಿದರು.

ಮಹಾಂತೇಶ ಹಾಕಿದ ಬೆಸುಗೆ ಆರಿದ ಮೇಲೆ ಮಾಲೀಕರು ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರು. ಬೆಸುಗೆ ಬಿಡಲಿಲ್ಲ. ಅವರು ಏನಾದರೂ ಹೇಳುವ ಮೊದಲೇ ಮಹಾಂತೇಶ ಪಕ್ಕದ ಟ್ರಾಲಿಯ ಕೆಳಗೆ ನುಸುಳಿದ್ದ.