ಪೂಜೆಯ ದಾರ ಕಟ್ಟಿದ ಕೋವಿ

2005ನೇ ಇಸವಿ. ಆಗ ನಾನು ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಬಂದೂಕುಗಳ ವೈದ್ಯ ಎಂದುಕೊಂಡರೆ ಸಾಕು. ಇಲಾಖೆಯ ಆಯುಧಗಳ ರಿಪೇರಿಯ ಜೊತೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ರೈತರ ಬೆಳೆ ರಕ್ಷಣೆಯ ಕೋವಿಗಳನ್ನು ತಪಾಸಣೆ ಮಾಡುವುದು, ಲೈಸೆನ್ಸ್ ಇದ್ದವರಿಗೆ ತರಬೇತಿ ಕೊಡುವುದು ನನ್ನ ಪಾಲಿನ ಕೆಲಸ. ಇಪ್ಪತ್ತೆಂಟು ವರ್ಷದ ಸರ್ವೀಸು, ಕೈಗೆ ಕೋವಿ ಬಂದರೆ ಕಣ್ಣು ಮುಚ್ಚಿ ಜಾತಕ ಹೇಳುತ್ತೇನೆ ಎಂಬ ಜಂಬ ಬೇರೆ. ಕಣ್ಣು ಮುಚ್ಚಿಕೊಂಡಿದ್ದೇ ಕೊನೆಗೆ ಮುಳುವಾಯಿತು.

ಮಲ್ಲೇಶಪ್ಪನನ್ನು ನಾನು ಮೊದಲು ಕಂಡಿದ್ದು ಆ ವರ್ಷದ ಮೇ ತಿಂಗಳಲ್ಲಿ, ಕೊಪ್ಪದಲ್ಲಿ ನಡೆಸಿದ ಐದು ದಿನದ ತರಬೇತಿಯಲ್ಲಿ. ನರಸಿಂಹರಾಜಪುರದ ಕಡೆಯವನು, ನಲವತ್ತರ ಆಸುಪಾಸು. ತಂದೆಯಿಂದ ಬಂದ ಹನ್ನೆರಡು ಬೋರಿನ ಒಂಟಿ ನಳಿಗೆಯ ಕೋವಿ ಅವನದು. ಗುರಿ ಹಲಗೆಗೆ ಹೊಡೆ ಎಂದರೆ ಎರಡೂ ಕಣ್ಣು ಮುಚ್ಚಿ ಹೊಡೆಯುತ್ತಿದ್ದ.

"ಎಂತ ಮಾರಾಯ, ಹಂದಿ ಬಂದಾಗಲೂ ಹೀಗೇ ಹೊಡಿತೀಯಾ?" ಎಂದು ಕೇಳಿದೆ.

"ನಾವು ಲಿಂಗ ಕಟ್ಟಿದೋರು ಸಾರ್. ಹಂದಿಗೆ ಎಲ್ಲಿ ಹೊಡಿತೀವಿ? ಆಕಾಶಕ್ಕೆ ಒಂದು ಈಡು ಹಾರಿಸಿದ್ರೆ ಸದ್ದಿಗೇ ಓಡ್ತಾವೆ" ಎಂದ. ಎಲ್ಲರೂ ನಕ್ಕರು, ಅವನೂ ನಕ್ಕ.

ಕೊನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, ಈ ಹಳೆಯದನ್ನು ಕೊಟ್ಟು ಹೊಸ ಮಾದರಿಯ ಕೋವಿ ತೆಗೆದುಕೊಳ್ಳಲೇ ಎಂದು ಕೇಳಿದ. ನಾನು ನಳಿಗೆಯೊಳಗೆ ಕಣ್ಣಾಡಿಸಿದೆ. ತುಕ್ಕಿರಲಿಲ್ಲ. "ಓಲ್ಡ್ ಈಸ್ ಗೋಲ್ಡ್. ಇಟ್ಕೋ" ಎಂದೆ. ನನ್ನ ಮಾತೆಂದರೆ ಅವನಿಗೆ ವೇದವಾಕ್ಯ. ಇಟ್ಟುಕೊಂಡ.

ಈ ಹಳೆಯ ಮಾದರಿಯ ಕೋವಿಯ ವಿಷಯ ಸ್ವಲ್ಪ ಹೇಳಬೇಕು. ನಳಿಗೆಯ ಹಿಂದೆ ಎದ್ದು ನಿಂತ ಹ್ಯಾಮರ್‌ಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಕುದುರೆಯನ್ನು ಪೂರ್ತಿ ಹಿಂದಕ್ಕೆಳೆದರೆ ಹೊಡೆಯಲು ತಯಾರು. ಅರ್ಧ ಎಳೆದು ನಿಲ್ಲಿಸಿದರೆ ಒಳಗಿನ ಒಂದು ಕಚ್ಚಿನಲ್ಲಿ ಸಿಕ್ಕಿಕೊಂಡು ಭದ್ರವಾಗಿ ನಿಲ್ಲುತ್ತದೆ; ಕೋವಿ ಕೆಳಗೆ ಬಿದ್ದರೂ ಗುಂಡು ಹಾರಬಾರದು. ಆ ಕಚ್ಚು ಸವೆದಿದ್ದರೆ ಮಾತ್ರ ದೇವರೇ ಗತಿ.

ಅಕ್ಟೋಬರ್ ಕೊನೆಯಲ್ಲಿ ತಪಾಸಣೆ ನಡೆಯಿತು. ನಕ್ಸಲರ ಗಲಾಟೆಯ ಕಾಲವಾದ್ದರಿಂದ ಪ್ರತಿ ಕೋವಿಯ ಲೆಕ್ಕ ಬೇಕೆಂದು ಮೇಲಿನಿಂದ ಆದೇಶ. ಒಂದೇ ದಿನ ಎಪ್ಪತ್ತೆರಡು ಕೋವಿಗಳು. ಆಯುಧಪೂಜೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಅರ್ಧಕ್ಕರ್ಧ ಕೋವಿಗಳಿಗೆ ವಿಭೂತಿಯೋ ಕುಂಕುಮವೋ ಇತ್ತು. ಮಲ್ಲೇಶಪ್ಪನ ಕೋವಿಯ ಕುದುರೆಗೆ ಅರಿಶಿನದ ದಾರವನ್ನು ಏಳೆಂಟು ಸುತ್ತು ಬಿಗಿದು ಕಟ್ಟಿತ್ತು. ನಾನು ಬಿಚ್ಚಲು ಕೈಹಾಕಿದೆ.

"ಸಾರ್, ಪೂಜೆ ದಾರ. ಗದ್ದೆಗೆ ಮೊದಲನೇ ಸಲ ಕೋವಿ ತಗೊಂಡು ಹೋಗೋ ದಿನ ಮನೆಯವಳೇ ಬಿಚ್ಚಬೇಕು. ನಮ್ಮ ಅಪ್ಪನ ಕಾಲದಿಂದ ಬಂದ ಪದ್ಧತಿ" ಎಂದ.

ಹಿಂದೆ ಇನ್ನೂ ನಲವತ್ತು ಜನ ನಿಂತಿದ್ದರು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ದೇವರ ವಿಷಯದಲ್ಲಿ ನಾನ್ಯಾಕೆ ತಲೆ ಹಾಕಲಿ ಎಂದುಕೊಂಡು ನಳಿಗೆ ಬಗ್ಗಿಸಿ ಒಳಗೆ ಗುಂಡಿನ ತೋಟಾ ಇಲ್ಲವೆಂದು ನೋಡಿದೆ, ನಂಬರು ತಾಳೆ ಹಾಕಿದೆ, ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದೆ. ಅವನು ಕೈಮುಗಿದು ಹೋದ.

ನವೆಂಬರ್ ಮೂರನೆಯ ವಾರ ಠಾಣೆಯೊಂದರಿಂದ ಕರೆ ಬಂತು. ಠಾಣೆಯ ಹೆಸರು ಇಲ್ಲಿ ಬೇಡ. ಭತ್ತ ಹಣ್ಣಾಗುತ್ತಿದ್ದ ಸಮಯ. ಬೆಳಗ್ಗೆ ಆರೂವರೆಗೆ ಗದ್ದೆಗೆ ಹೊರಟ ಮಲ್ಲೇಶಪ್ಪ ಬೇಲಿಯ ಉಣುಗೋಲಿನ ಹತ್ತಿರ ಗುಂಡು ತಗುಲಿ ಸತ್ತಿದ್ದ. ಉಣುಗೋಲು ಎಂದರೆ ದನ ನುಗ್ಗದಂತೆ ಬೇಲಿಯ ಬಾಯಿಗೆ ಅಡ್ಡ ತೂರಿಸುವ ಬಿದಿರಿನ ಗಳಗಳು. ಗುಂಡು ಗದ್ದದ ಕೆಳಗಿನಿಂದ ಹೊಕ್ಕಿತ್ತು. ಹಿಂದಿನ ದಿನ ಗಂಡ ಹೆಂಡತಿ ಜಗಳವಾಡಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತ್ತಂತೆ. ಊರು ಆಗಲೇ ತೀರ್ಪು ಕೊಟ್ಟಾಗಿತ್ತು: ಹೆಂಡತಿಯ ಬಾಯಿಗೆ ಹೆದರಿ ಗುಂಡು ಹಾರಿಸಿಕೊಂಡ.

ಸ್ಥಳ ನೋಡಿ ಬರುವಾಗ ಅವನ ಹೆಂಡತಿ ಪಾರ್ವತಮ್ಮ ಅಂಗಳದಲ್ಲಿ ಅಡ್ಡ ನಿಂತರು. ಕಣ್ಣಲ್ಲಿ ನೀರಿರಲಿಲ್ಲ. ಬಾಗಿಲ ಮರೆಯಲ್ಲಿ ಹತ್ತು ವರ್ಷದ ಮಗಳು ನಿಂತಿದ್ದಳು.

"ಸಾಹೇಬ್ರೆ, ನಮ್ಮನೆಯೋರು ಹಾಗೆ ಮಾಡ್ಕೊಳೋರಲ್ಲ. ಜಗಳ ಆಗಿದ್ದು ಹೌದು, ಯಾರ ಮನೇಲಿ ಆಗಲ್ಲ? ಬೆಳಿಗ್ಗೆ ಕಾಫಿ ಕುಡಿದು, ದಾರ ಬಿಚ್ಚಿಕೊಡು ಅಂದ್ರು. ನನ್ನ ಕೈಯಾರೆ ನಾನೇ ಬಿಚ್ಚಿಕೊಟ್ಟೆ. ಅಪ್ಪ ನಿಮ್ಮನ್ನ ಬೇಡ ಅಂತ ಬಿಟ್ಟು ಹೋದ ಅಂತ ಈ ಕೂಸಿಗೆ ಎಲ್ರೂ ಹೇಳ್ತಿದ್ದಾರೆ. ನನಗೆ ಬೇರೆ ಏನೂ ಬೇಡ. ಅದೊಂದು ಸುಳ್ಳು ಅಂತ ಬರೆದುಕೊಡಿ."

ದಾರ ಎಂಬ ಮಾತು ಕೇಳಿದ್ದೇ, ಆವತ್ತು ನಾನು ಪರೀಕ್ಷಿಸದೆ ಬಿಟ್ಟ ಕುದುರೆ ನೆನಪಾಯಿತು. ಅಲ್ಲಿಂದ ಠಾಣೆಯವರೆಗೆ ಜೀಪಿನಲ್ಲಿ ಕೂತು ಕೋವಿ ಸರಿಯಿರಲಿ ಎಂದು ಬೇಡಿಕೊಂಡೆ. ಕೋವಿ ಸರಿಯಿದ್ದರೆ ಆ ಹೆಂಗಸಿನ ಬಾಳು ಮುಗಿದಂತೆ ಎಂದು ಗೊತ್ತಿದ್ದೂ ಹಾಗೆ ಬೇಡಿಕೊಂಡೆ. ಈಗಲೂ ಆ ನಾಚಿಕೆ ಹೋಗಿಲ್ಲ.

ಮಧ್ಯಾಹ್ನ ಠಾಣೆಯ ಹಿಂದಿನ ಜಗಲಿಯಲ್ಲಿ ಇಬ್ಬರು ಪಂಚರ ಎದುರು ಪರೀಕ್ಷೆ ಮಾಡಿದೆ. ನೆಲಕ್ಕೆ ಗೋಣಿತಾಟು ಹಾಸಿ, ಖಾಲಿ ಕೋವಿಯ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಹಿಡಿಯನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿದೆ. ನಿಂತಿತು. ಎರಡನೇ ಸಲವೂ ನಿಂತಿತು. ಉಸಿರು ಬಿಟ್ಟೆ. ಮೂರನೇ ಸಲ ಕುಟ್ಟಿದಾಗ ಕುದುರೆ ಟಪ್ಪೆಂದು ಬಿತ್ತು. ಹತ್ತು ಸಲ ಕುಟ್ಟಿದ್ದರಲ್ಲಿ ನಾಲ್ಕು ಸಲ ಬಿತ್ತು. ಒಳಭಾಗ ಬಿಚ್ಚಿ ನೋಡಿದರೆ ಕಚ್ಚು ಸವೆದು ನುಣ್ಣಗಾಗಿತ್ತು. ಒಂದು ತಿಂಗಳಲ್ಲಿ ಸವೆಯುವಂಥದ್ದಲ್ಲ. ಮೇ ತಿಂಗಳಲ್ಲಿ "ಇಟ್ಕೋ" ಎಂದಾಗಲೂ ಹೀಗೇ ಇತ್ತು. ಉಣುಗೋಲು ದಾಟುವಾಗ ಕೋವಿಯ ಹಿಡಿಯನ್ನು ನೆಲಕ್ಕೂರಿ ಬಗ್ಗಿದ್ದಾನೆ, ಅಷ್ಟೇ.

ಸಬ್ ಇನ್ಸ್‌ಪೆಕ್ಟರ್ ನನ್ನನ್ನು ಒಳಗೆ ಕರೆದರು. ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ.

"ರಿಜಿಸ್ಟರಿನಲ್ಲಿ ನಿಮ್ಮದೇ ಸಹಿ ಇದೆ. ಬೇಲಿ ದಾಟುವಾಗ ತೋಟಾ ತೆಗೀಬೇಕು ಅಂತ ನೀವೇ ಕಲಿಸಿದೀರಿ, ಅವನು ತೆಗೀಲಿಲ್ಲ. ಕೋವಿ ಸರಿಯಿದೆ ಅಂತ ಬರೆದುಬಿಡಿ. ಸತ್ತೋನು ಎದ್ದು ಬರ್ತಾನಾ?" ಎಂದರು.

ಪರೀಕ್ಷೆ ನೋಡಿದ ಪಂಚರ ಬಾಯಿ ಮುಚ್ಚಿಸುವ ಹೊಣೆ ತಮ್ಮದು ಎಂದೂ ಹೇಳಿದರು. ನನಗೆ ಐವತ್ತೈದು ವರ್ಷ, ಬಡ್ತಿಯ ಪಟ್ಟಿಯಲ್ಲಿ ಹೆಸರಿತ್ತು. ಒಂದು ಗಂಟೆ ಬಿಳಿ ಹಾಳೆಯ ಮುಂದೆ ಕೂತೆ. ಅವನು ತೋಟಾ ತೆಗೆಯಲಿಲ್ಲ, ನಿಜ. ಆದರೆ ಮರೆಯುವ ಮನುಷ್ಯನಿಗಾಗಿಯೇ ಅಲ್ಲವೇ ಆ ಕಚ್ಚು ಇರುವುದು? 'ಕೋವಿ ಕೈಗೆ ಬಂದ ಕೂಡಲೇ ನಿಮ್ಮ ಕಣ್ಣಿಂದ ನೋಡಿ, ಯಾರ ಮಾತನ್ನೂ ನಂಬಬೇಡಿ' ಎಂಬುದು ನನ್ನ ತರಬೇತಿಯ ಮೊದಲ ಪಾಠ. ಪಾಠ ಹೇಳಿದವನೇ ನೋಡಲಿಲ್ಲ. ಪೆನ್ನು ಹಿಡಿದರೆ ಎದ್ದು ಓಡಿಹೋಗೋಣ ಎನ್ನಿಸುತ್ತಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದ ಆ ಹುಡುಗಿ ಕಣ್ಣೆದುರಿನಿಂದ ಹೋಗಲೊಲ್ಲಳು. ಕೊನೆಗೆ ಬರೆದೆ: ಕೋವಿ ದೋಷಪೂರಿತ, ದೋಷ ಹಳೆಯದು, ತಪಾಸಣೆಯಲ್ಲಿ ನಾನು ಕುದುರೆಯನ್ನು ಪರೀಕ್ಷಿಸಿರಲಿಲ್ಲ.

ಇಲಾಖಾ ವಿಚಾರಣೆ ಆಯಿತು. ಬಡ್ತಿ ಹೋಯಿತು. ಕೆಲವು ಸಹೋದ್ಯೋಗಿಗಳು ನನ್ನನ್ನು ಸತ್ಯಹರಿಶ್ಚಂದ್ರ ಎಂದು ಕರೆಯತೊಡಗಿದರು, ಅದು ಹೊಗಳಿಕೆಯಲ್ಲ. ಮಲ್ಲೇಶಪ್ಪನ ಸಾವು ಆಕಸ್ಮಿಕ ಎಂದು ತೀರ್ಮಾನವಾಗಿ ಕಡತ ಮುಚ್ಚಿತು.

ಆದೇಶದ ಪ್ರತಿಯನ್ನು ನಾನೇ ತೆಗೆದುಕೊಂಡು ಹೋಗಿ ಪಾರ್ವತಮ್ಮನವರಿಗೆ ಕೊಟ್ಟು, ತಪ್ಪು ನನ್ನದು ಎಂದೆ. ಅವರು ಮಗಳನ್ನು ಕರೆದು ಓದಲು ಹೇಳಿದರು. ಹುಡುಗಿ 'ಆಕಸ್ಮಿಕ' ಎಂಬ ಪದವನ್ನು ಎರಡು ಸಲ ಓದಿದಳು. ಪಾರ್ವತಮ್ಮ ಆವತ್ತು ಮೊದಲ ಸಲ ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ನೋಡಿ ಕೇಳಿದರು:

"ಆವತ್ತು ದಾರ ಬಿಚ್ಚಿ ನೋಡಿದ್ರೆ ಎಷ್ಟು ಹೊತ್ತು ಹಿಡೀತಿತ್ತು ಸಾಹೇಬ್ರೆ?"

"ಎರಡು ನಿಮಿಷ" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಿವೃತ್ತಿಯವರೆಗೂ ನಾನು ದಾರ ಬಿಚ್ಚದೆ ಯಾವ ಕೋವಿಗೂ ಸಹಿ ಹಾಕಲಿಲ್ಲ. ಬಿಚ್ಚಿದ ದಾರವನ್ನು ಕೋವಿಯ ಯಜಮಾನನ ಕೈಗೆ ಕೊಟ್ಟು, ಕುದುರೆ ಪರೀಕ್ಷಿಸಿ, ಮತ್ತೆ ನೀವೇ ಕಟ್ಟಿಕೊಳ್ಳಿ ಎನ್ನುತ್ತಿದ್ದೆ. ನಾಸ್ತಿಕ ಎಂದರು, ಅಹಂಕಾರಿ ಎಂದರು, ಸಾಲಿನಲ್ಲಿ ನಿಂತವರು ಗೊಣಗಿದರು. ಇನ್ನೊಬ್ಬರ ನಂಬಿಕೆಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡು ನಾವು ಎಷ್ಟೋ ಸಲ ನಮ್ಮ ಸೋಮಾರಿತನಕ್ಕೆ ಗೌರವ ಕೊಡುತ್ತಿರುತ್ತೇವೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಒಂದು ಸಲ ಗಡಿಯಾರ ಇಟ್ಟುಕೊಂಡೇ ನೋಡಿದೆ. ದಾರ ಬಿಚ್ಚಿ, ಪರೀಕ್ಷಿಸಿ, ಮತ್ತೆ ಕಟ್ಟಿ ಮುಗಿಯುವಾಗ ಎರಡು ನಿಮಿಷವೂ ಆಗಿರಲಿಲ್ಲ.