ಇಂಚಿನ ತಲೆ, ಮಿಲಿಮೀಟರಿನ ಮೈ

ಕಾಪುವಿನ ಸ್ಟ್ಯಾನಿಸ್ಲಾಸನ ಪಾಲಿಗೆ ಲೋಕದಲ್ಲಿ ಎರಡೇ ಜಾತಿ: ಬೋಲ್ಟು ಗೊತ್ತಿರುವವರು ಮತ್ತು ಕತ್ತೆಗಳು. ಮೊದಲನೆಯ ಜಾತಿಯಲ್ಲಿ ತನ್ನನ್ನು ಬಿಟ್ಟು ಇನ್ನೊಬ್ಬನನ್ನು ಅವನು ಕಂಡಿರಲಿಲ್ಲ. ಮುಂಬಯಿಯ ಬ್ರಿಟಿಷ್ ಕಂಪನಿಯೊಂದರಲ್ಲಿ ಫೋರ್‌ಮನ್ ಆಗಿದ್ದವನು ಎಪ್ಪತ್ತನಾಲ್ಕರಲ್ಲಿ ಊರಿಗೆ ಮರಳಿದ. ಬಂದವನೇ ಕಾರ್ಕಳದ ಹಳೆಯ ಮನೆತನವೊಂದರ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಗುಂಡುಮೂತಿಯ ಮಾರಿಸ್ ಕಾರನ್ನು ಕೊಂಡು ತಂದ. ಇಪ್ಪತ್ತರ ದಶಕದ ಕಾರು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಅದನ್ನು ನಿಲ್ಲಿಸಬೇಕು, ಒಂದು ನಟ್ಟು, ಒಂದು ಸ್ಕ್ರೂ ಕೂಡ ಬೇರೆಯದಿರಬಾರದು ಎಂಬುದು ಅವನ ಹಟ.

ಮಣಿಪಾಲದ ಡಾಕ್ಟರೊಬ್ಬರು ತಮ್ಮ ಹಳೆಯ ಆಸ್ಟಿನ್ ತೋರಿಸಲು ಅಕ್ಕರೆಯಿಂದ ಕರೆದಿದ್ದರು. ಬಾನೆಟ್ ಎತ್ತಿದ ಸ್ಟ್ಯಾನಿಸ್ಲಾಸ್ ಹಳಸಿದ ಮೀನಿನ ವಾಸನೆ ಬಂದವನಂತೆ ಮುಖ ಹಿಂಡಿದ.

“ಸ್ಟಾರ್ ಸ್ಕ್ರೂ! ಈ ಕಾರು ಹುಟ್ಟುವಾಗ ಸ್ಟಾರ್ ಸ್ಕ್ರೂವಿನ ಅಪ್ಪನೂ ಹುಟ್ಟಿರಲಿಲ್ಲ ಡಾಕ್ಟರೇ. ಬೋಲ್ಟಿಗೆ ಕ್ರೋಮ್ ಬೇರೆ. ಅಜ್ಜಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗೆ ಉಂಟು!”

ಅವರು ತರಿಸಿದ ಕಾಫಿಯನ್ನೂ ಮುಟ್ಟದೆ ಎದ್ದು ಬಂದ.

ಮನೆಯಲ್ಲಿ ಮಾರಿಸ್‌ನ ಇಂಜಿನ್ ಬಿಚ್ಚತೊಡಗಿದಾಗ ಅವನಿಗೊಂದು ಆಘಾತ ಕಾದಿತ್ತು. ಬೋಲ್ಟುಗಳ ತಲೆಗೆ ಇಂಚಿನ ಸ್ಪ್ಯಾನರ್ ಸರಿಯಾಗಿ ಕೂರುತ್ತಿತ್ತು. ಹೊರಗೆ ತೆಗೆದು ಮೈಮೇಲಿನ ತಿರುಪುಗೆರೆ, ಅಂದರೆ ತ್ರೆಡ್, ಅಳೆದರೆ ಮಿಲಿಮೀಟರು! ಆ ಕಾಲದ ಇಂಗ್ಲಿಷ್ ಕಾರಿಗೆ ಮಿಲಿಮೀಟರ್ ಎಲ್ಲಿಂದ ಬರಬೇಕು? ಕಾರ್ಕಳದವರ ಕಾಲದಲ್ಲಿ ಈ ಕಾರನ್ನು ನೋಡಿಕೊಳ್ಳುತ್ತಿದ್ದವನು ಉಡುಪಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಬೆಂಜಮಿನ್. ಸ್ಟ್ಯಾನಿಸ್ಲಾಸನಿಗೆ ಅಷ್ಟೇ ಸಾಕಾಯಿತು.

“ನೋಡು, ತಲೆ ಇಂಚಿನದು, ಮೈ ಮಿಲಿಮೀಟರಿನದು! ಆ ಕಳ್ಳ ಅಸಲು ಬೋಲ್ಟುಗಳನ್ನು ಮಾರಿಕೊಂಡು, ಲೇತಿನಲ್ಲಿ ಡೂಪ್ಲಿಕೇಟ್ ಮಾಡಿಸಿ ಹಾಕಿದ್ದಾನೆ,” ಎಂದು ಹೆಂಡತಿ ಅಪೊಲೋನಿಯಾಳ ಮುಂದೆ ಹಿಡಿದ.

“ಕದಿಯುವವನು ಇಷ್ಟೆಲ್ಲ ಕಷ್ಟಪಡುತ್ತಾನಾ? ಒಮ್ಮೆ ಅವನನ್ನೇ ಕೇಳಿ ನೋಡಿ.”

“ಬೋಲ್ಟಿನ ವಿಷಯ ನಿನಗೆಂತ ಗೊತ್ತು? ಒಲೆಯ ಮೇಲೆ ಮೀನು ಸೀದು ಹೋಗುತ್ತಾ ಉಂಟು, ಹೋಗು.”

ಬೋಲ್ಟುಗಳೆಲ್ಲ ಕಟಪಾಡಿಯ ಗುಜರಿ ಅಂಗಡಿ ಸೇರಿದವು. ಮಳೆಗಾಲವಿಡೀ ಕೂತು ಸ್ಟ್ಯಾನಿಸ್ಲಾಸ್ ಇಂಜಿನ್ನಿನ ಒಂದೊಂದು ತೂತನ್ನೂ ಕೊರೆದು ಹಿಗ್ಗಿಸಿ, ಇಂಚಿನ ತ್ರೆಡ್ ಹೊಡೆದು, ಮುಂಬಯಿಯಿಂದ ತರಿಸಿದ ಇಂಚಿನ ಬೋಲ್ಟುಗಳನ್ನು ಕೂರಿಸಿದ. ಭಾನುವಾರ ಬಂದರೆ ಇಗರ್ಜಿಯ ಅಂಗಳದಲ್ಲಿ ನಿಂತು ಬೆಂಜಮಿನ್ನನ ಮಾನ ಕಳೆದ. ಮಾತು ಉಡುಪಿ ಮುಟ್ಟಿತು. ಟ್ಯಾಕ್ಸಿಯವರು ಒಬ್ಬೊಬ್ಬರಾಗಿ ಬೆಂಜಮಿನ್ನನ ಗ್ಯಾರೇಜ್ ಬಿಟ್ಟರು.

ಅಷ್ಟರಲ್ಲಿ ಇಂಜಿನ್ನಿನ ಮುಂದಿನ ಮುಚ್ಚಳದಲ್ಲಿ ಬಿರುಕು ಕಾಣಿಸಿತು. ಹಿರಿಯಡ್ಕದ ರಘುಪತಿ ಭಟ್ಟರ ಗದ್ದೆಗೆ ಅಂಥದೇ ಇಂಜಿನ್ನೊಂದು ನೀರೆತ್ತುತ್ತಿದೆ ಎಂದು ಕೇಳಿ, ಮುಚ್ಚಳ ಸಿಕ್ಕೀತೆಂದು ಅಲ್ಲಿಗೆ ಹೋದ.

“ಇದನ್ನು ಯಾವ ಕತ್ತೆ ರಿಪೇರಿ ಮಾಡಿದ್ದು ಭಟ್ರೇ?”

“ಯಾರೂ ಇಲ್ಲ ಪೊರ್ಬುಗಳೇ. ಕಾರು ಮುರಿದ ಮೇಲೆ ನನ್ನ ತಂದೆ ಇದನ್ನು ಇಲ್ಲಿ ಕೂರಿಸಿದ್ದು. ಈವರೆಗೆ ಬಿಚ್ಚಿದ್ದಿಲ್ಲ. ಓಡುತ್ತಾ ಉಂಟಲ್ಲ!”

ನಿಜವೇ ಆಗಿತ್ತು. ಬೋಲ್ಟಿನ ತಲೆಗಳ ಮೇಲೆ ಹಳೆಯ ಬಣ್ಣ ಒಡೆಯದೆ ಕೂತಿತ್ತು. ಸ್ಟ್ಯಾನಿಸ್ಲಾಸ್ ಇಂಚಿನ ಸ್ಪ್ಯಾನರ್ ಹಾಕಿ ಒಂದನ್ನು ತಿರುಗಿಸಿ ತೆಗೆದು ಅಳೆದ. ಮಿಲಿಮೀಟರು. ಇನ್ನೊಂದು ತೆಗೆದ. ಅದೂ ಹಾಗೆಯೇ. ಎರಡನ್ನೂ ಇದ್ದಲ್ಲೇ ಬಿಗಿದು, ಮುಚ್ಚಳದ ಮಾತೆತ್ತದೆ ಊರಿನ ಬಸ್ಸು ಹತ್ತಿದ.

ಮರುದಿನ ಉಡುಪಿಯಿಂದ ಮುಂಬಯಿಯ ಹಳೆಯ ಸಹೋದ್ಯೋಗಿಗೆ ಟ್ರಂಕ್ ಕಾಲ್ ಮಾಡಿದ. ಅತ್ತಲಿಂದ ಮೊದಲು ನಗು ಕೇಳಿಸಿತು. ಆ ಇಂಜಿನ್ನುಗಳನ್ನು ಮಾಡಿದ್ದು ಇಂಗ್ಲೆಂಡಿನಲ್ಲಿದ್ದ ಫ್ರೆಂಚ್ ಕಂಪನಿ. ಅವರ ಯಂತ್ರಗಳು ಕೊರೆಯುತ್ತಿದ್ದುದು ಮಿಲಿಮೀಟರಿನ ತ್ರೆಡ್. ಇಂಗ್ಲಿಷರ ಸ್ಪ್ಯಾನರ್ ಹಿಡಿಯಲೆಂದು ತಲೆ ಮಾತ್ರ ಇಂಚಿನ ಲೆಕ್ಕದ್ದು. “ಅಸಲು ಇಂಜಿನ್ ಅಂತ ಗುರುತು ಹಿಡಿಯುವುದೇ ಅದರಿಂದ. ನಿನ್ನದರಲ್ಲಿ ಉಂಟಲ್ಲ?” ಸ್ಟ್ಯಾನಿಸ್ಲಾಸ್ ಫೋನ್ ಇಟ್ಟ.

ಅಲ್ಲಿಂದ ನೇರ ಬೆಂಜಮಿನ್ನನ ಗ್ಯಾರೇಜಿಗೆ ನಡೆದ. ಬೆಂಜಮಿನ್ ಹಳೆಯ ಟಯರಿನ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ.

“ಇನ್ನೆಂತ ಕದ್ದೆ ಅಂತ ಹೇಳಲು ಬಂದದ್ದು?”

“ಆ ಮಾರಿಸ್‌ನ ಬೋಲ್ಟುಗಳು ಅಸಲು ಅಂತ ನಿನಗೆ ಗೊತ್ತಿತ್ತಾ?”

“ನನಗೆ ಹೇಗೆ ಗೊತ್ತಾಗಬೇಕು ಮಾರಾಯ್ರೇ? ಆ ಇಂಜಿನ್ ನಾನು ಬಿಚ್ಚಿದ್ದೇ ಇಲ್ಲ.”

“ವರ್ಷ ವರ್ಷ ಬಿಚ್ಚಿ ಸರಿ ಮಾಡಿದೆ ಅಂತ ಕಾರ್ಕಳದವರಿಗೆ ಹೇಳುತ್ತಿದ್ದಿ!”

“ಹೇಳುತ್ತಿದ್ದೆ. ಆಯಿಲ್ ಬದಲಿಸಿ, ಹೊರಗಿನಿಂದ ಒರೆಸಿ ಕೊಡುತ್ತಿದ್ದೆ. ಓಡುವ ಇಂಜಿನ್ನಿಗೆ ಬುದ್ಧಿ ಇದ್ದವರು ಕೈ ಹಾಕುತ್ತಾರಾ?”

ಸ್ಟ್ಯಾನಿಸ್ಲಾಸನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಈ ಮೈಗಳ್ಳನ ಕೈಯಲ್ಲಿ ಇಷ್ಟು ಕಾಲ ಸುಖವಾಗಿದ್ದ ಇಂಜಿನ್ನನ್ನು ಕೆಡಿಸಿದವನು ತಾನೇ. ಹಿಂತಿರುಗುವಾಗ ಕಟಪಾಡಿಯಲ್ಲಿ ಬಸ್ಸಿನಿಂದಿಳಿದು ಗುಜರಿಯವನನ್ನು ವಿಚಾರಿಸಿದ. ಬೋಲ್ಟುಗಳು ಎಂದೋ ಕರಗಿಸುವವರ ಪಾಲಾಗಿದ್ದವು.

ಆ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಗಟ್ಟಿಯಾಗಿ ಹೇಳಿದ: “ಬೆಂಜಮಿನ್ ಬೋಲ್ಟು ಕದ್ದಿಲ್ಲ. ನಾನು ಹೇಳಿದ್ದು ತಪ್ಪು. ಅವನು ಬರೀ ಮೈಗಳ್ಳ, ಸುಳ್ಳ. ಕಳ್ಳನಲ್ಲ.”

“ಇದು ತಪ್ಪೊಪ್ಪಿಕೊಂಡದ್ದಾ, ಇನ್ನೊಮ್ಮೆ ಬೈದದ್ದಾ?” ದಾರಿಯಲ್ಲಿ ಅಪೊಲೋನಿಯಾ ಕೇಳಿದಳು.

“ಎರಡೂ,” ಎಂದ. ಟ್ಯಾಕ್ಸಿಯವರಲ್ಲಿ ಕೆಲವರು ಬೆಂಜಮಿನ್ನನ ಬಳಿಗೆ ಮರಳಿದರು, ಕೆಲವರು ಮರಳಲಿಲ್ಲ.

ಎಂಬತ್ತೊಂದರಲ್ಲಿ ಭಟ್ಟರ ಗದ್ದೆಗೆ ಕರೆಂಟಿನ ಪಂಪು ಬಂತು. ಸ್ಟ್ಯಾನಿಸ್ಲಾಸ್ ಆ ಇಂಜಿನ್ನನ್ನು ಕೊಂಡು ತಂದು, ಸುಮ್ಮಸುಮ್ಮನೆ ಒಂದು ಬೋಲ್ಟನ್ನೂ ಅಲುಗಿಸದೆ ಮಾರಿಸ್‌ಗೆ ಕೂರಿಸಿದ. ಕಾರು ಕಾಪುವಿನ ಪೇಟೆಯಲ್ಲಿ ಓಡಿದ ವಾರವೇ ಬೆಂಜಮಿನ್ ನೋಡಲು ಬಂದ.

“ಕೈ ಹಿಂದೆ ಕಟ್ಟಿಕೊಂಡು ನೋಡು,” ಎಂದ ಸ್ಟ್ಯಾನಿಸ್ಲಾಸ್.

ಬೆಂಜಮಿನ್ ಕೈ ಹಿಂದೆ ಕಟ್ಟಿಕೊಂಡೇ ಕಾರಿಗೆ ಸುತ್ತು ಬಂದು ನಿಂತ. “ಎಲ್ಲ ಚೆಂದ ಉಂಟು. ಹಾರ್ನ್ ಮಾತ್ರ ಅಸಲು ಅಲ್ಲ.”

“ನಿನಗೆಂತ ಗೊತ್ತು?”

“ಗೊತ್ತಿಲ್ಲದೆ ಎಂತ? ಅದನ್ನು ಹಾಕಿದ್ದು ನಾನೇ ಅಲ್ವಾ!”